ಜೀವವೈವಿಧ್ಯ ಸಂರಕ್ಷಣೆಯ ರಾಷ್ಟ್ರೀಯ ಯೋಜನೆ ಮತ್ತು ನೀತಿ: ಬೇಗೂರು–ಬಂಡೀಪುರ ಸೀಮೆಯ ನೆಲೆಯಲ್ಲಿ

ಒಂದು ದೇಶದ ನೆಲ, ನೀರು, ಕಡಲುಗಳಲ್ಲಿರುವ ಗಿಡಮರ, ಪ್ರಾಣಿಪಕ್ಷಿ, ಸೂಕ್ಷ್ಮಜೀವಿಗಳನ್ನೂ ಅವುಗಳ ಒಳತಳಿಗಳನ್ನೂ ಅವು ಬಾಳುವ ನೆಲೆಗಳನ್ನೂ ಉಳಿಸಿಕೊಳ್ಳುವುದಕ್ಕೆ, ಬರಿದಾಗದಂತೆ ಬಳಸುವುದಕ್ಕೆ, ಬಳಕೆಯಿಂದ ಬಂದ ಲಾಭವನ್ನು ನ್ಯಾಯವಾಗಿ ಹಂಚುವುದಕ್ಕೆ ಸರ್ಕಾರ ಮಾಡುವ ಕಾನೂನು, ಕಾರ್ಯಯೋಜನೆ, ಸಂಸ್ಥೆ ಮತ್ತು ಹಣಕಾಸಿನ ಏರ್ಪಾಡುಗಳೆಲ್ಲ ಸೇರಿ ಜೀವವೈವಿಧ್ಯದ ರಾಷ್ಟ್ರೀಯ ನೀತಿ ಎನಿಸುತ್ತವೆ. ಭಾರತದಲ್ಲಿ ಈ ನೀತಿಯ ಬಹುಪಾಲು ಸಾಧನಗಳು ಒಂದೇ ಕಡೆ ಒಂದರ ಮೇಲೊಂದು ಬಂದು ಕೂತಿರುವ ಸೀಮೆಗಳಲ್ಲಿ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕು ಮುಖ್ಯವಾದುದು. ರಾಷ್ಟ್ರೀಯ ಉದ್ಯಾನ, ಹುಲಿ ಯೋಜನೆ, ಜೀವಗೋಳ ಮೀಸಲು, ಪರಿಸರ ಸೂಕ್ಷ್ಮ ವಲಯ, ಪಂಚಾಯಿತಿಯ ಜೀವವೈವಿಧ್ಯ ಸಮಿತಿ, ಭೌಗೋಳಿಕ ಸೂಚಿ ಪಡೆದ ಬಾಳೆ ಇವೆಲ್ಲವೂ ಇಲ್ಲಿ ಕೆಲವೇ ಹರದಾರಿಗಳ ಅಂತರದಲ್ಲಿವೆ. ಈ ಸೀಮೆಯಲ್ಲಿ ನಿಂತು ನೋಡಿದರೆ ಕಾಡಿನ ಗಡಿಕಲ್ಲಿನೊಳಗೆ ರಾಷ್ಟ್ರೀಯ ನೀತಿ ಎಷ್ಟು ಬಲವಾಗಿದೆಯೋ ಹೊರಗಿನ ಹೊಲ, ಗೋಮಾಳ, ಕೆರೆಗಳಲ್ಲಿ ಅಷ್ಟೇ ಸಡಿಲವಾಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ಬೇಗೂರು ಮೈಸೂರು–ಊಟಿ ಹೆದ್ದಾರಿಯ ಮೇಲೆ, ನಂಜನಗೂಡಿಗೂ ಗುಂಡ್ಲುಪೇಟೆಗೂ ನಡುವೆ ಇದೆ. ಪಶ್ಚಿಮಘಟ್ಟದ ಮಳೆಯ ನೆರಳಿಗೆ ಬಿದ್ದ ಈ ನೆಲದಲ್ಲಿ ಜೋಳ, ರಾಗಿ, ಹುರುಳಿ, ಅವರೆಗಳು ಹಳೆಯ ಬೆಳೆಗಳಾದರೆ, ಕೊಳವೆಬಾವಿ ಬಂದ ಮೇಲೆ ಅರಿಶಿನ, ಬಾಳೆ, ಟೊಮ್ಯಾಟೊ, ಈರುಳ್ಳಿಗಳೂ, ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಒಪ್ಪಂದದ ಮೇಲೆ ಬೆಳೆಯುವ ಚೆಂಡುಹೂವೂ, ಸೂರ್ಯಕಾಂತಿಯೂ ಹರಡಿವೆ. ತಾಲ್ಲೂಕಿನ ದಕ್ಷಿಣಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮತ್ತು ಬಂಡೀಪುರದ ಕಾಡು, ಪಶ್ಚಿಮದ ಅಂಚಿಗೆ ಅದೇ ಕಾಡಿನ ಓಂಕಾರ ವಲಯ. ಬೆಟ್ಟದ ಕಡೆಯಿಂದ ಇಳಿಯುವ ಗುಂಡ್ಲು ಹೊಳೆ, ಪುರಾಣಗಳ ಕೌಂಡಿನ್ಯ, ಉತ್ತರಕ್ಕೆ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುತ್ತದೆ. ಕಾಡು ಮುಗಿಯುವಲ್ಲಿಂದ ಹೊಲ ಶುರುವಾಗುತ್ತದೆ. ನಡುವೆ ಇರುವುದು ಆನೆ ಕಂದಕ, ಸೋಲಾರ್ ಬೇಲಿ, ಕೆಲವೆಡೆ ರೈಲು ಹಳಿಯ ತಡೆ.

ಈ ಕಾಡಿನ ರಕ್ಷಣೆಯ ಚರಿತ್ರೆ ಸಂಸ್ಥಾನದ ಕಾಲದಿಂದ ಬಂದುದು. 1931ರಲ್ಲಿ ಮೈಸೂರು ಮಹಾರಾಜರ ಆಡಳಿತ ಇಲ್ಲಿ ಸುಮಾರು 90 ಚದರ ಕಿಲೋಮೀಟರ್ ಅಭಯಾರಣ್ಯವನ್ನು ಗುರುತಿಸಿತು. ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂಬ ಹೆಸರು ಬಂತು. ಸ್ವತಂತ್ರ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ಇಡೀ ದೇಶಕ್ಕೆ ಒಂದೇ ಬಗೆಯ ಕಾನೂನಿನ ರೂಪ ಕೊಟ್ಟಿತು. 1973ರ ಏಪ್ರಿಲ್ 1ರಂದು ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಒಂದಾಯಿತು. ಸಂವಿಧಾನದ 42ನೆಯ ತಿದ್ದುಪಡಿ (1976) ಅರಣ್ಯ ಮತ್ತು ವನ್ಯಜೀವಿಗಳನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದು, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ವಿಷಯಗಳ ಸಾಲಿಗೆ ಸೇರಿಸಿ, ಪರಿಸರ ರಕ್ಷಣೆಯನ್ನು 48ಎ ವಿಧಿಯಲ್ಲಿ ಸರ್ಕಾರದ ನಿರ್ದೇಶಕ ತತ್ತ್ವವಾಗಿಯೂ 51ಎ ವಿಧಿಯಲ್ಲಿ ಪ್ರಜೆಯ ಕರ್ತವ್ಯವಾಗಿಯೂ ಬರೆಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕಾಡನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡಲು ಕೇಂದ್ರದ ಒಪ್ಪಿಗೆ ಬೇಕೆಂದಿತು. 1986ರಲ್ಲಿ ಕರ್ನಾಟಕ, ತಮಿಳುನಾಡು, ಕೇರಳಗಳಿಗೆ ಹರಡಿದ 5,520 ಚದರ ಕಿಲೋಮೀಟರಿನ ನೀಲಗಿರಿ ಜೀವಗೋಳ ಮೀಸಲು ರಚನೆಯಾದಾಗ ಬಂಡೀಪುರ ಅದರ ಭಾಗವಾಯಿತು. ಈ ಕ್ರಮಗಳ ಫಲ ಕಣ್ಣಿಗೆ ಕಾಣುವಂಥದು: 2022ರ ಹುಲಿ ಅಂದಾಜಿನಲ್ಲಿ ಕರ್ನಾಟಕದಲ್ಲಿ 563 ಹುಲಿಗಳೂ ಬಂಡೀಪುರದಲ್ಲೇ 150 ಹುಲಿಗಳೂ ಇದ್ದವು, 2023ರ ಗಣತಿಯಲ್ಲಿ ರಾಜ್ಯದ 6,395 ಆನೆಗಳ ಪೈಕಿ ಸಾವಿರಕ್ಕೂ ಹೆಚ್ಚು ಬಂಡೀಪುರದಲ್ಲಿದ್ದವು.

ಆದರೆ ಹುಲಿ, ಆನೆಗಳ ರಕ್ಷಣೆಯಷ್ಟೇ ಜೀವವೈವಿಧ್ಯ ನೀತಿಯಲ್ಲ. 1992ರಲ್ಲಿ ರಿಯೊ ಡಿ ಜನೈರೊದಲ್ಲಿ ಸಹಿಗೆ ತೆರೆದು 1993ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಜೀವವೈವಿಧ್ಯ ಒಡಂಬಡಿಕೆ ಈ ವಿಚಾರದ ಪರಿಧಿಯನ್ನೇ ಹಿಗ್ಗಿಸಿತು. ಅದಕ್ಕೆ ಮೊದಲು ಜೀವಸಂಪತ್ತು ಮನುಕುಲದ ಸಾಮಾನ್ಯ ಸ್ವತ್ತು, ಯಾರು ಬೇಕಾದರೂ ಒಯ್ಯಬಹುದು ಎಂಬ ಭಾವನೆ ಚಾಲ್ತಿಯಲ್ಲಿತ್ತು. ಒಡಂಬಡಿಕೆಯು ಆಯಾ ದೇಶಕ್ಕೆ ತನ್ನ ಜೀವಸಂಪತ್ತಿನ ಮೇಲೆ ಸಾರ್ವಭೌಮ ಹಕ್ಕಿದೆ ಎಂದು ಒಪ್ಪಿ, ಬಿತ್ತನೆಬೀಜ, ಸಾಕುತಳಿ, ಮದ್ದಿನ ಗಿಡ, ಅವುಗಳ ಬಗ್ಗೆ ಜನರಲ್ಲಿರುವ ತಿಳಿವಳಿಕೆ ಎಲ್ಲವನ್ನೂ ಲೆಕ್ಕಕ್ಕೆ ತಂದಿತು. ಅದರ ಆರನೆಯ ವಿಧಿ ಪ್ರತಿಯೊಂದು ಸದಸ್ಯ ದೇಶವೂ ರಾಷ್ಟ್ರೀಯ ಕಾರ್ಯತಂತ್ರ ಮತ್ತು ಯೋಜನೆಯನ್ನು ಮಾಡಿಕೊಂಡು, ಅದನ್ನು ಕೃಷಿ, ಅರಣ್ಯ, ಮೀನುಗಾರಿಕೆ ಮೊದಲಾದ ಇತರ ವಲಯಗಳ ಯೋಜನೆಗಳೊಳಗೂ ಸೇರಿಸಬೇಕೆಂದು ವಿಧಿಸುತ್ತದೆ. ಭಾರತ ಇದನ್ನು 1994ರ ಫೆಬ್ರವರಿಯಲ್ಲಿ ಅನುಮೋದಿಸಿತು.

ಆ ಹೊಣೆಯಿಂದ ಹುಟ್ಟಿದ ಮೊದಲ ದಸ್ತಾವೇಜು 1999ರ ರಾಷ್ಟ್ರೀಯ ನೀತಿ ಮತ್ತು ಸ್ಥೂಲ ಕಾರ್ಯತಂತ್ರ. ಅದರ ಬೆನ್ನಿಗೆ 2000ದಿಂದ 2003ರವರೆಗೆ ಜಾಗತಿಕ ಪರಿಸರ ನಿಧಿಯ ನೆರವಿನಿಂದ, ಕಲ್ಪವೃಕ್ಷ ಎಂಬ ಸ್ವಯಂಸೇವಾ ಸಂಸ್ಥೆಯ ಸಂಯೋಜನೆಯಲ್ಲಿ ಬಹುದೊಡ್ಡ ಯೋಜನಾ ಪ್ರಕ್ರಿಯೆಯೊಂದು ನಡೆಯಿತು. ರಾಜ್ಯಮಟ್ಟ, ಸ್ಥಳೀಯ ಮಟ್ಟ, ವಿಷಯವಾರು ಎಂದು ಹತ್ತಾರು ಯೋಜನೆಗಳನ್ನು ಜನರ ಜೊತೆ ಕೂತು ಬರೆಯಲಾಯಿತು. ಆ ಪ್ರಕ್ರಿಯೆಯ ಅಂತಿಮ ವರದಿಯನ್ನು ಸರ್ಕಾರ ತನ್ನದೆಂದು ಸ್ವೀಕರಿಸಲಿಲ್ಲ. 2008ರಲ್ಲಿ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಜೀವವೈವಿಧ್ಯ ಕಾರ್ಯಯೋಜನೆ ಬೇರೆಯದೇ ಬರವಣಿಗೆ. ಜನರಿಂದ ಬಂದ ವಿವರಗಳ ಬಹುಭಾಗ ಅಲ್ಲಿ ಉಳಿಯದೇ ಹೋದುದು ಈ ಕ್ಷೇತ್ರದ ದೊಡ್ಡ ನಷ್ಟಗಳಲ್ಲಿ ಒಂದು. 2010ರಲ್ಲಿ ಜಪಾನಿನ ನಗೋಯದಲ್ಲಿ ಒಪ್ಪಿದ ಐಚಿ ಗುರಿಗಳಿಗೆ ಹೊಂದುವಂತೆ 2014ರಲ್ಲಿ ಆ ಯೋಜನೆಗೆ 12 ರಾಷ್ಟ್ರೀಯ ಗುರಿಗಳು ಸೇರಿದವು. 2022ರ ಡಿಸೆಂಬರಿನ ಕುನ್‌ಮಿಂಗ್–ಮಾಂಟ್ರಿಯಲ್ ಜಾಗತಿಕ ಜೀವವೈವಿಧ್ಯ ಚೌಕಟ್ಟು 2030ರೊಳಗೆ ಭೂಮಿಯ ನೆಲ ಮತ್ತು ಕಡಲಿನ ಶೇ. 30 ಭಾಗವನ್ನು ರಕ್ಷಿಸಬೇಕೆಂಬುದೂ ಸೇರಿ 23 ಗುರಿಗಳನ್ನು ಇಟ್ಟ ಮೇಲೆ, ಭಾರತ 23 ರಾಷ್ಟ್ರೀಯ ಗುರಿಗಳಿರುವ ಪರಿಷ್ಕೃತ ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ ಕೊಲಂಬಿಯದ ಕಾಲಿ ನಗರದಲ್ಲಿ ನಡೆದ ಒಡಂಬಡಿಕೆಯ ಸಮ್ಮೇಳನದಲ್ಲಿ ಬಿಡುಗಡೆ ಮಾಡಿತು.

ಯೋಜನೆಗೆ ಕಾನೂನಿನ ಬಲ ಕೊಡುವುದು 2002ರ ಜೈವಿಕ ವೈವಿಧ್ಯ ಅಧಿನಿಯಮ. ಇದು ಮೂರು ಹಂತದ ಆಡಳಿತವನ್ನು ಕಟ್ಟುತ್ತದೆ: ಚೆನ್ನೈಯಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ, ರಾಜ್ಯಗಳಲ್ಲಿ ಜೀವವೈವಿಧ್ಯ ಮಂಡಳಿ, ಗ್ರಾಮ ಪಂಚಾಯಿತಿ ಮೊದಲಾದ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ. ಕರ್ನಾಟಕ ಜೀವವೈವಿಧ್ಯ ಮಂಡಳಿ 2003ರಲ್ಲಿ ರಚನೆಯಾಯಿತು. ರಾಜ್ಯದ ನಿಯಮಾವಳಿ 2005ರಲ್ಲಿ ಬಂತು. ಅಧಿನಿಯಮದ 37ನೆಯ ಪ್ರಕರಣ ಕಾಡಲ್ಲದ ಜಾಗವನ್ನೂ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ಅವಕಾಶ ಕೊಟ್ಟಿದೆ. ಈ ಅವಕಾಶವನ್ನು ದೇಶದಲ್ಲಿ ಮೊದಲು ಬಳಸಿದ್ದು ಕರ್ನಾಟಕ: ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹಳೆಯ ಹುಣಸೆ ತೋಪು 2007ರಲ್ಲಿ ಆ ಪಟ್ಟ ಪಡೆಯಿತು, ಆಮೇಲೆ ಚಿಕ್ಕಮಗಳೂರಿನ ಹೊಗರೆಕಾನು, ಶಿವಮೊಗ್ಗದ ಅಂಬಾರಗುಡ್ಡ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣಗಳು ಸೇರಿದವು.

ಮೂರು ಹಂತಗಳಲ್ಲಿ ಕೆಳಗಿನದೇ ಇಡೀ ಕಟ್ಟಡದ ತಳಪಾಯ. ಸಮಿತಿಯ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆಯುವುದು, ಅಂದರೆ ಆ ಪಂಚಾಯಿತಿಯ ಎಲ್ಲೆಯಲ್ಲಿರುವ ಬೆಳೆ, ತಳಿ, ಮರ, ಮೇವು, ಮೀನು, ಕಾಡುಪ್ರಾಣಿ, ಮದ್ದಿನ ಗಿಡ, ಅವುಗಳನ್ನು ಬಲ್ಲವರು, ಅವು ಎಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಊರಿನವರ ಬಾಯಿಂದಲೇ ಕೇಳಿ ಪುಸ್ತಕಕ್ಕೆ ಇಳಿಸುವುದು. ಈ ಕಲ್ಪನೆಯನ್ನು 1990ರ ದಶಕದಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಪ್ರಮುಖರು. ಬೇಗೂರಿನಂಥ ಬಯಲುಸೀಮೆಯ ಊರಿನಲ್ಲಿ ಇಂಥ ದಾಖಲಾತಿ ನಿಜವಾಗಿ ಏನನ್ನು ಹಿಡಿಯಬೇಕು ಎಂಬುದನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಮಳೆಯಾಶ್ರಯದ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ಪದ್ಧತಿಯಿದೆ; ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲಿಗೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳನ್ನು ಬೆರೆಸಿ ಬಿತ್ತುವ ಈ ಕ್ರಮದಿಂದ ಮುಂಗಾರು ಕೈಕೊಟ್ಟರೂ ಒಂದಲ್ಲ ಒಂದು ಕಾಳು ಮನೆಗೆ ಬರುತ್ತದೆ, ಬೇರಿನಿಂದ ನೆಲಕ್ಕೂ ಸಾರ ಸಿಗುತ್ತದೆ. ಬೂದಿ ಬೆರೆಸಿ ಮಡಕೆಯಲ್ಲಿ ಕಾಪಿಡುವ ಬಿತ್ತನೆ ಅವರೆಯ ಬಗೆಗಳು, ಯಾವ ಬೀಜ ಯಾವ ಮಣ್ಣಿಗೆ ಒಗ್ಗುತ್ತದೆಂಬ ಅರಿವು ಹೆಚ್ಚಾಗಿ ಹೆಂಗಸರ ಕೈಯಲ್ಲಿದೆ. ಅದೇ ಹೊಲದಲ್ಲಿ ಮಳೆ ಬಿದ್ದೊಡನೆ ತಾನಾಗಿ ಏಳುವ ಅಣ್ಣೆ, ಗಣಿಕೆ, ಗೋಣಿ, ಹೊನಗೊನ್ನೆ ಮೊದಲಾದವನ್ನು ಕಿತ್ತು ತಂದು ಬೆರಕೆ ಸೊಪ್ಪೆಂದು ಬೇಯಿಸಿ, ಕಟ್ಟು ಬಸಿದು ಉಪ್ಪೆಸರು ಮಾಡಿ ಮುದ್ದೆಯ ಜೊತೆ ಉಣ್ಣುತ್ತಾರೆ. ದಾಖಲಾತಿಯ ನಮೂನೆಯಲ್ಲಿ ಬೆಳೆಯ ಕಳೆಗಳಿಗೆ ಒಂದು ಕಡೆ ಜಾಗವಿದೆ, ಆಹಾರಕ್ಕೆ ಬರುವ ಕಾಡುಗಿಡಗಳಿಗೆ ಇನ್ನೊಂದು ಕಡೆ; ಈ ಸೊಪ್ಪುಗಳು ಎರಡಕ್ಕೂ ಸೇರುತ್ತವೆ. ಕಳೆನಾಶಕ ಹೊಡೆದ ಹೊಲದಲ್ಲಿ ಅವು ಮೊದಲಿನಂತೆ ಏಳುವುದಿಲ್ಲ. ಯಾವ ಅಭಯಾರಣ್ಯದ ಗಡಿಯೂ ಇವನ್ನು ಕಾಯಲಾರದು, ಇವುಗಳ ಮೇಲೆ ನಿಗಾ ಇಡಬಲ್ಲ ಏಕೈಕ ಸರ್ಕಾರಿ ಪುಸ್ತಕ ಪಂಚಾಯಿತಿಯ ಈ ದಾಖಲಾತಿ.

ಅಂಥ ಪುಸ್ತಕವನ್ನು ಬರೆಯಲು ಪುರಸೊತ್ತು ಬೇಕು, ಆದರೆ ದೇಶದಲ್ಲಿ ಅದು ಅವಸರದಲ್ಲಿ ಆಯಿತು. ಅಧಿನಿಯಮ ಬಂದು ದಶಕ ಕಳೆದರೂ ಬಹುತೇಕ ಪಂಚಾಯಿತಿಗಳಲ್ಲಿ ಸಮಿತಿಯೇ ಇರಲಿಲ್ಲ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಬಂದ ಅರ್ಜಿಯೊಂದರಿಂದ ಈ ಸಂಗತಿ ಬಯಲಾಗಿ, 2020ರ ಜನವರಿ 31ರೊಳಗೆ ಎಲ್ಲ ಕಡೆ ಸಮಿತಿ ಮತ್ತು ದಾಖಲಾತಿ ಪೂರ್ಣವಾಗಬೇಕು, ತಪ್ಪಿದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ನ್ಯಾಯಾಧಿಕರಣ ಆದೇಶಿಸಿತು. ಅದರಿಂದ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಿತಿಗಳು ಕಾಗದದ ಮೇಲೆ ಮೂಡಿದವು. ಗಡುವಿಗೆ ಹೆದರಿ ಹೊರಗುತ್ತಿಗೆಯವರ ಕೈಯಲ್ಲಿ ಬರೆಸಿದ ದಾಖಲಾತಿಗಳಲ್ಲಿ ಒಂದು ಪಂಚಾಯಿತಿಯ ಪಟ್ಟಿಯೇ ಪಕ್ಕದ್ದರಲ್ಲೂ ಕಾಣಿಸುವ ದೋಷ ಹೊಕ್ಕಿತೆಂಬುದು ಈ ಕೆಲಸ ಬಲ್ಲವರ ಸಾಮಾನ್ಯ ದೂರು. ಪಟ್ಟಿ ಇದ್ದಮಾತ್ರಕ್ಕೆ ಸಮಿತಿಗೆ ಜೀವ ಬರುವುದಿಲ್ಲ. ವರ್ಷಕ್ಕೊಮ್ಮೆ ಅದನ್ನು ತಿದ್ದುವ ಜನ, ಅದನ್ನು ಮುಂದಿಟ್ಟುಕೊಂಡು ಪಂಚಾಯಿತಿಯ ಅಭಿವೃದ್ಧಿ ಯೋಜನೆ ಬರೆಯುವ ರೂಢಿ, ಕೈಯಲ್ಲಿ ಒಂದಿಷ್ಟು ಹಣ ಇವು ಬೇಕು.

ಹಣದ ದಾರಿಯನ್ನು ಕಾನೂನೇ ತೋರಿಸಿದೆ. ಜೀವಸಂಪತ್ತನ್ನೋ ಅದರ ಬಗೆಗಿನ ಪಾರಂಪರಿಕ ಅರಿವನ್ನೋ ವ್ಯಾಪಾರಕ್ಕೆ ಬಳಸುವವರು ಲಾಭದ ಒಂದು ಪಾಲನ್ನು ಅದನ್ನು ಕಾಪಾಡಿದ ಸಮುದಾಯಕ್ಕೆ ಕೊಡಬೇಕೆಂಬ ತತ್ತ್ವಕ್ಕೆ ಲಾಭ ಹಂಚಿಕೆ ಎನ್ನುತ್ತಾರೆ. 2010ರ ನಗೋಯ ಶಿಷ್ಟಾಚಾರ ಇದನ್ನು ಅಂತರರಾಷ್ಟ್ರೀಯ ನಿಯಮವಾಗಿಸಿತು. ಭಾರತದ 2014ರ ಮಾರ್ಗಸೂಚಿ ಉತ್ಪಾದಕರ ವಾರ್ಷಿಕ ಮಾರಾಟದ ಮೇಲೆ ಶೇ. 0.1ರಿಂದ 0.5ರವರೆಗೆ ದರ ಇಟ್ಟಿತ್ತು. 2010ರಲ್ಲಿ ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಕುಲಾಂತರಿ ಬದನೆಯ ತಯಾರಿಕೆಗೆ ಬಳಸಲಾಗಿದೆ ಎಂಬ ದೂರು ರಾಜ್ಯ ಮಂಡಳಿಗೆ ಬಂದು, ಮರುವರ್ಷ ರಾಷ್ಟ್ರೀಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿದಾಗ ಈ ಅಧಿನಿಯಮದ ಹೆಸರು ಮೊದಲ ಬಾರಿಗೆ ರೈತರ ಕಿವಿಗೂ ಬಿತ್ತು. 2023ರ ತಿದ್ದುಪಡಿ ಜೈಲುಶಿಕ್ಷೆಯ ಬದಲು ದಂಡವನ್ನು ತಂದು, ನೋಂದಾಯಿತ ಆಯುಷ್ ವೈದ್ಯರಿಗೂ ಗ್ರಂಥಸ್ಥವಾದ ಪಾರಂಪರಿಕ ಜ್ಞಾನದ ಬಳಕೆಗೂ ಲಾಭ ಹಂಚಿಕೆಯಿಂದ ವಿನಾಯಿತಿ ಕೊಟ್ಟಿತು. ವ್ಯಾಪಾರ ಸುಲಭವಾಗಲಿ ಎಂಬುದು ಸರ್ಕಾರದ ಸಮರ್ಥನೆ. ಆದರೆ ಈ ಸಡಿಲಿಕೆಯ ಭಾರ ಬೀಳುವುದು ಮೊದಲೇ ಬರಿದಾಗಿರುವ ಪಂಚಾಯಿತಿಯ ಜೀವವೈವಿಧ್ಯ ನಿಧಿಯ ಮೇಲೆ.

ಬೆಳೆಯ ವೈವಿಧ್ಯ ಹೇಗೆ ಹಲವು ಇಲಾಖೆಗಳ ನಡುವೆ ಸೋರಿಹೋಗುತ್ತದೆ ಎಂಬುದಕ್ಕೆ ಬೇಗೂರಿನ ನೆರೆಯ ನಂಜನಗೂಡು ರಸಬಾಳೆಯೇ ನಿದರ್ಶನ. ಕಪಿಲೆಯ ದಡದ ಮಣ್ಣಿನಲ್ಲಿ ವಿಶಿಷ್ಟ ಪರಿಮಳ ಪಡೆಯುವ ಈ ಬಾಳೆ ಪನಾಮ ಸೊರಗು ರೋಗಕ್ಕೆ ತುತ್ತಾಯಿತು. ಇದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ರೋಗ; ಮಣ್ಣಿನಲ್ಲಿ ದಶಕಗಟ್ಟಲೆ ಉಳಿದು, ನೆಡುವ ಕಂದುಗಳ ಮೂಲಕ ಹೊಲದಿಂದ ಹೊಲಕ್ಕೆ ದಾಟುತ್ತದೆ. ಬಾಳೆ ಬೀಜದಿಂದಲ್ಲದೆ ಕಂದಿನಿಂದ ಬೆಳೆಯುವುದರಿಂದ ತೋಟಗಳು ಹೋದರೆ ತಳಿಯೇ ಹೋಗುತ್ತದೆ, ಕಾಳಿನಂತೆ ಮಡಕೆಯಲ್ಲಿಟ್ಟು ಉಳಿಸುವಂತಿಲ್ಲ. ಈ ಬಾಳೆಗೆ ಭೌಗೋಳಿಕ ಸೂಚಿ ದೊರೆತಿದೆ, ಅಂದರೆ ಆ ಪ್ರದೇಶದ ಬೆಳೆಗಾರರಲ್ಲದೆ ಬೇರೆಯವರು ಆ ಹೆಸರಿನಲ್ಲಿ ಮಾರುವಂತಿಲ್ಲ. ಅದು ವಾಣಿಜ್ಯ ಸಚಿವಾಲಯದ ಕಾನೂನು. ರೈತರ ತಳಿಗೆ ಹಕ್ಕು ಕೊಡುವ 2001ರ ಕಾಯ್ದೆ ಕೃಷಿ ಸಚಿವಾಲಯದ್ದು. ಜೈವಿಕ ವೈವಿಧ್ಯ ಅಧಿನಿಯಮ ಪರಿಸರ ಸಚಿವಾಲಯದ್ದು. ಹೆಸರಿಗೆ ರಕ್ಷಣೆ ಸಿಕ್ಕಿತು, ರೋಗವಿಲ್ಲದ ಅಂಗಾಂಶ ಕೃಷಿಯ ಸಸಿಗಳ ಪ್ರಯತ್ನವೂ ನಡೆದಿದೆ, ಆದರೆ ತೋಟದಲ್ಲಿ ತಳಿಯನ್ನು ಉಳಿಸಿಕೊಂಡ ರೈತನಿಗೆ ವರ್ಷದ ಕೊನೆಗೆ ನಷ್ಟ ತುಂಬಿಕೊಡುವ ಹೊಣೆ ಈ ಮೂರರಲ್ಲಿ ಯಾವ ಕಾನೂನಿಗೂ ಸೇರಿಲ್ಲ.

ಕಾಡಿನ ಅಂಚಿನಲ್ಲಂತೂ ಹೊರಗಿನ ಮಾರುಕಟ್ಟೆಗಳೇ ನೀತಿಯನ್ನು ಮೀರಿ ಕೆಲಸ ಮಾಡಿದ್ದುಂಟು. ಬಂಡೀಪುರದ ಅಂಚಿನ ಹಳ್ಳಿಗಳ ದನಗಳು ಹಿಂದಿನಿಂದ ಕಾಡಿನಲ್ಲಿ ಮೇಯುತ್ತಿದ್ದವು. ಸಗಣಿ ಊರಿನ ಹೊಲಕ್ಕೇ ಗೊಬ್ಬರವಾಗುತ್ತಿತ್ತು. 1990ರ ದಶಕದಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ಘಟ್ಟದ ಕಾಫಿ ತೋಟಗಳಿಂದ ಸಗಣಿಗೆ ಬೇಡಿಕೆ ಬಂದು, ಗೊಬ್ಬರ ಲಾರಿ ಹತ್ತಿತು. ಹಾಲಿಗೂ ಉಳುಮೆಗೂ ಒದಗದ ದನಗಳನ್ನು ಸಗಣಿಗಾಗಿಯೇ ಸಾಕುವುದು ಲಾಭವಾಯಿತು, ಕಾಡಿನ ಮೇಲೆ ಮೇವಿನ ಒತ್ತಡ ಹೆಚ್ಚಿತು. ವನ್ಯಜೀವಿ ವಿಜ್ಞಾನಿ ಎಂ. ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊಂಡಿಯನ್ನು ಬಿಡಿಸಿ ತೋರಿಸಿತು. ಕಾಫಿಯ ಬೆಲೆ ಏರಿಕೆಯೊಂದು ಜಿಂಕೆಯ ಮೇವನ್ನು ಕಡಿಮೆ ಮಾಡಬಲ್ಲದು ಎಂಬುದನ್ನು ಯಾವ ಅರಣ್ಯ ನಿರ್ವಹಣಾ ಯೋಜನೆಯೂ ಮುಂಚಿತವಾಗಿ ಊಹಿಸಿರಲಿಲ್ಲ. ಇದೇ ಅಂಚಿನಲ್ಲಿ ಸೌದೆಯ ಹೊರೆಯನ್ನು ಇಳಿಸಲು ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಮತ್ತು ಸಂಗಡಿಗರು ಕಟ್ಟಿದ ‘ನಮ್ಮ ಸಂಘ’ ಮನೆಮನೆಗೆ ಅಡುಗೆ ಅನಿಲ ತಲುಪಿಸಿತು. ಬೇಲಿಗಿಂತ ಒಲೆಯಿಂದ ಶುರುಮಾಡಿದ ಈ ಕೆಲಸ ಸಂರಕ್ಷಣೆಯ ಯೋಜಕರು ಗಮನಿಸತಕ್ಕದ್ದು.

ಕಾಡಿನ ಮೇಲೆ ಬೀಳುವ ಹೊರಗಿನ ಒತ್ತಡಕ್ಕೆ ಹೆದ್ದಾರಿ ಇನ್ನೊಂದು ಉದಾಹರಣೆ. ಬೇಗೂರನ್ನು ಹಾದು ಗುಂಡ್ಲುಪೇಟೆಯಲ್ಲಿ ಕವಲೊಡೆಯುವ ರಸ್ತೆಗಳಲ್ಲಿ ಒಂದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿಗೆ; ಎರಡೂ ಬಂಡೀಪುರದ ನಡುವೆ ಹೋಗುತ್ತವೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಲ್ಲಿಸಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳದ ಆಕ್ಷೇಪದಿಂದ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ರಾಷ್ಟ್ರೀಯ ಹೆದ್ದಾರಿಯೊಂದು ಕಾಡಿಗಾಗಿ ರಾತ್ರಿ ಬಾಗಿಲು ಹಾಕಿದ್ದು ದೆಹಲಿಯ ಯೋಜನೆಯಿಂದಲ್ಲ, ಜಿಲ್ಲಾಧಿಕಾರಿಯ ಆದೇಶದಿಂದ. 2012ರ ಅಕ್ಟೋಬರಿನಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ಹೊರಟು, ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಗಣಿಗಾರಿಕೆ, ಮಾಲಿನ್ಯಕಾರಿ ಕೈಗಾರಿಕೆಗಳಿಗೆ ತಡೆಯೂ ಹೊಸ ಕಟ್ಟಡಗಳಿಗೆ ನಿಯಂತ್ರಣವೂ ಬಂತು. ರೆಸಾರ್ಟು, ಕ್ವಾರಿಗಳ ಒತ್ತಡವಿರುವ ಸೀಮೆಗೆ ಇದು ಅಗತ್ಯವೇ ಆಗಿತ್ತು. ಆದರೆ ವಲಯದ ಒಳಗಿನ ಸಣ್ಣ ರೈತನಿಗೆ ಅದರಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ಅವನ ಮಾತಿನಲ್ಲೇ ಮೊದಲು ತಿಳಿಸದಿದ್ದ ಕಡೆಯಲ್ಲೆಲ್ಲ ಅನುಮಾನ ಬೆಳೆಯಿತು.

ಜನರನ್ನು ಒಳಗೊಳ್ಳುವ ವಿಚಾರದಲ್ಲಿ ಜಿಲ್ಲೆಯ ಇನ್ನೊಂದು ತುದಿಯ ಬಿಳಿಗಿರಿರಂಗನ ಬೆಟ್ಟ ದೇಶಕ್ಕೇ ಪಾಠವಾಯಿತು. ಅಲ್ಲಿನ ಸೋಲಿಗ ಬುಡಕಟ್ಟಿನವರು ಜೇನು, ನೆಲ್ಲಿ, ಪಾಚಿ ಕೂಡಿಸಿ ಬದುಕುತ್ತಿದ್ದವರು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಬಲದಿಂದ ಕಿರು ಅರಣ್ಯ ಉತ್ಪನ್ನಗಳ ಮಾರಾಟಕ್ಕಾಗಿನ ಸಂಗ್ರಹಣೆ 2006ರಲ್ಲಿ ನಿಂತುಹೋಯಿತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಮಾಡಿತು. 2011ರ ಆರಂಭದಲ್ಲಿ ಬೆಟ್ಟ ಹುಲಿ ಮೀಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಮೀಸಲಿನೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಸೋಲಿಗರ ಅರಿವಿನಲ್ಲಿ ‘ತರಗು ಬೆಂಕಿ’ ಎಂಬುದೊಂದಿದೆ: ಬೇಸಿಗೆಯ ಆರಂಭದಲ್ಲೇ, ಹುಲ್ಲು ಪೂರ್ತಿ ಒಣಗುವ ಮುನ್ನ, ನೆಲದ ತರಗೆಲೆಯನ್ನಷ್ಟೇ ಸುಡುವ ತೆಳು ಬೆಂಕಿ. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನವೆಂಬ ಹೊರನಾಡಿನ ಪೊದೆಗಿಡ ಹಬ್ಬಿತೆಂದು ಅವರು ಹೇಳುತ್ತ ಬಂದಿದ್ದಾರೆ, ಬೆಟ್ಟದಲ್ಲಿ ನಡೆದ ಸಂಶೋಧನೆಗಳೂ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಿವೆ. ಬಂಡೀಪುರದಲ್ಲಿ 2019ರ ಫೆಬ್ರವರಿಯ ಬೆಂಕಿ ಕೆಲವೇ ದಿನಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟಾಗ, ಒಣಗಿದ ಲಂಟಾನದ ಪೊದೆಗಳೇ ಅದಕ್ಕೆ ಸೌದೆಯಾಗಿದ್ದವು. ಹೊರಗಿನಿಂದ ಬಂದು ಹಬ್ಬುವ ಇಂಥ ಜೀವಿಗಳ ನಿಯಂತ್ರಣ ಜಾಗತಿಕ ಚೌಕಟ್ಟಿನಲ್ಲೂ ಭಾರತದ ಯೋಜನೆಯಲ್ಲೂ ಪ್ರತ್ಯೇಕ ಗುರಿಯಾಗಿದೆ. ಅದಕ್ಕೆ ಬೇಕಾದ ಕೈಗಳೂ ಅರಿವೂ ಕಾಡಿನ ಜನರ ಹಾಡಿಗಳಲ್ಲಿವೆ.

2024ರ ಯೋಜನೆ ಜೀವವೈವಿಧ್ಯವನ್ನು ಒಂದು ಸಚಿವಾಲಯದ ಕೆಲಸವೆಂದು ಬಗೆಯದೆ ಹಲವು ಸಚಿವಾಲಯಗಳಿಗೆ ಹೊಣೆ ಹಂಚಿದೆ. ಆ ಹಂಚಿಕೆ ಏಕೆ ಬೇಕೆಂಬುದಕ್ಕೆ ಬಂಡೀಪುರದ ಆಕಾಶದಲ್ಲಿ ಈಗಲೂ ಕಾಣುವ ರಣಹದ್ದುಗಳೇ ಸಾಕ್ಷಿ. ಸತ್ತ ದನದ ಮಾಂಸದಲ್ಲಿ ಉಳಿದ ಡೈಕ್ಲೊಫೆನ್ಯಾಕ್ ಎಂಬ ನೋವಿನ ಔಷಧ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದ ತುಂಬ ಅವುಗಳನ್ನು ಅಳಿವಿನ ಅಂಚಿಗೆ ತಂದಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನ್ಯಾಕ್‌ಗಳೂ ಪಶುವೈದ್ಯದಿಂದ ಹೊರಬಿದ್ದವು. ಈ ನಿಷೇಧಗಳನ್ನು ಹೊರಡಿಸುವುದು ಔಷಧಗಳ ಹೊಣೆ ಹೊತ್ತ ಆರೋಗ್ಯ ಸಚಿವಾಲಯ, ಜಾರಿಗೆ ತರಬೇಕಾದವರು ಔಷಧ ನಿಯಂತ್ರಕರು, ಪಾಲಿಸಬೇಕಾದವರು ಹೋಬಳಿಯ ಪಶು ಆಸ್ಪತ್ರೆಯವರೂ ಔಷಧದಂಗಡಿಯವರೂ. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ಸಿಟ್ಟಿನಲ್ಲಿ ವಿಷ ಇಟ್ಟರೂ ಸಾಯುವುದು ಅದೇ ಹಕ್ಕಿ. ಆದ್ದರಿಂದ ಕಾಡಂಚಿನ ರೈತನಿಗೆ ಹಸುವಿನ ಪರಿಹಾರ ಎಷ್ಟು ಬೇಗ ಕೈಸೇರುತ್ತದೆ ಎಂಬುದೂ ರಣಹದ್ದಿನ ಸಂರಕ್ಷಣೆಯ ಒಂದು ಅಂಗವಾಗುತ್ತದೆ.